ವಿಷಾದಕ್ಕೆ ಕನ್ನಡ

‘ಇಟ್ಟರೆ’ ಎಂದಳೋ, ‘ಬಿಟ್ಟರೆ’ ಎಂದಳೋ?

ರಾಧಾಕೃಷ್ಣ ಹಲ್ಲುಜ್ಜುವುದನ್ನು ನಿಲ್ಲಿಸಿ ನಲ್ಲಿ ತಿರುಗಿಸಿದ. ನೀರಿನ ಸದ್ದು ನಿಂತ ಮೇಲೂ ಮಾತು ಸ್ಪಷ್ಟವಾಗಲಿಲ್ಲ. ಐದು ನಿಮಿಷದ ಹಿಂದೆ ಶ್ರೀವಿದ್ಯಾ ಮಗುವನ್ನು ಎತ್ತಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದಳು. ಬೆನ್ನು ಇವನ ಕಡೆಗೆ. ಮನೆ ಮೂರನೇ ಮಹಡಿಯಲ್ಲಿ. ಮಗು ಅಳುತ್ತಿತ್ತು. “ಇದನ್ನ ಕೆಳಗೆ ಇಟ್ಟರೆ ಸುಮ್ಮನಾಗುತ್ತೆ” ಎಂದಿದ್ದಳು. ಅಥವಾ, “ಇದನ್ನ ಕೆಳಗೆ ಬಿಟ್ಟರೆ ಸುಮ್ಮನಾಗುತ್ತೆ.”

ಬಾಯಿ ತುಂಬ ನೊರೆ ಇದ್ದ ಇವನು ಬಚ್ಚಲಿನಿಂದಲೇ “ಹ್ಞಾಂ” ಎಂದಿದ್ದ.

ಇಟ್ಟರೆ ಎಂದರೆ ತೊಟ್ಟಿಲಲ್ಲಿ, ಚಾಪೆಯ ಮೇಲೆ. ಬಿಟ್ಟರೆ ಎಂದರೆ. ಒಂಬತ್ತು ವರ್ಷದಿಂದ ಶಬ್ದಗಳಿಗೆ ಅರ್ಥ ಬರೆದೇ ಸಂಬಳ ಪಡೆಯುತ್ತಿದ್ದವನು ಈ ಒಂದು ಶಬ್ದದ ಅರ್ಥವನ್ನು ಅರ್ಧಕ್ಕೇ ಬಿಟ್ಟು ಬಾಯಿ ಮುಕ್ಕಳಿಸಿದ.

ಹೊರಗೆ ಬಂದಾಗ ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು. ಮಗು ತೊಟ್ಟಿಲಲ್ಲಿತ್ತು, ಸುಮ್ಮನಾಗಿತ್ತು. ಹಾಗಾದರೆ ‘ಇಟ್ಟರೆ’ಯೇ ಇರಬೇಕು. ಆದರೂ ಕೇಳಿದ.

“ಆಗ ಏನಂದೆ?”

“ಯಾವಾಗ?”

“ಬಾಲ್ಕನಿಯಲ್ಲಿ.”

“ಏನೂ ಇಲ್ಲ.”

“ಏನೋ ಅಂದ ಹಾಗಿತ್ತು.”

“ನೀನು ಹ್ಞಾಂ ಅಂದ್ಯಲ್ಲ. ಅದಕ್ಕೇ ಒಳಗೆ ಬಂದೆ.”

ಈ ಉತ್ತರವನ್ನು ಅವನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡ. ಯಾವ ಕಡೆಯಿಂದ ಓದಿದರೂ ಅದು ವಾಕ್ಯವಾಗಿತ್ತು, ಉತ್ತರವಾಗಿರಲಿಲ್ಲ.

ನಲವತ್ತೆರಡು ದಿನವಾಗಿತ್ತು. ಈ ನಲವತ್ತೆರಡು ದಿನಗಳಲ್ಲಿ ಅವಳು ಮಗುವನ್ನು ‘ಅವಳು’ ಎಂದದ್ದಿಲ್ಲ. ಇದು ಎದ್ದಿದೆ, ಅದಕ್ಕೆ ಹಸಿವು, ಅದರ ಬಟ್ಟೆ. ಆದರೆ ಕನ್ನಡದಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ. ಅವನ ತಾಯಿಯೂ ಫೋನಿನಲ್ಲಿ “ಅದು ಹಾಲು ಕುಡೀತದಾ?” ಎಂದೇ ಕೇಳುತ್ತಾಳೆ. ಮಗು ನಪುಂಸಕಲಿಂಗ. ವ್ಯಾಕರಣದಲ್ಲಿ ತಪ್ಪಿಲ್ಲದ ಕಡೆ ತಪ್ಪು ತೋರಿಸುವುದು ಹೇಗೆ? ಅವಳು ಏನನ್ನಾದರೂ ಬಚ್ಚಿಟ್ಟಿದ್ದರೆ ಅದನ್ನು ಬಚ್ಚಿಡಲು ಭಾಷೆಯೇ ಜಾಗ ಕೊಟ್ಟಿತ್ತು.

ಅವನು ತಿರುವನಂತಪುರದ ಒಂದು ಸರಕಾರಿ ಕಚೇರಿಯಲ್ಲಿ ಅನುವಾದಕ. ಮಲಯಾಳದಲ್ಲಿ ಹೊರಡುವ ಸುತ್ತೋಲೆ, ಕೈಪಿಡಿ, ಅರ್ಜಿ ನಮೂನೆಗಳನ್ನು ಕಾಸರಗೋಡಿನ ಕನ್ನಡಿಗರಿಗಾಗಿ ಕನ್ನಡಕ್ಕೆ ತಿರುಗಿಸುವುದು ಅವನ ಕೆಲಸ. ಅವನೂ ಕಾಸರಗೋಡಿನವನೇ. ಇಲ್ಲಿ ಅವನ ಹೆಸರಿನ ಕೊನೆಗೆ ಒಂದು ‘ನ್’ ಸೇರಿ ರಾಧಾಕೃಷ್ಣನ್ ಆಗಿದ್ದ. ಸಂಬಳದ ಚೀಟಿಯಲ್ಲಿ, ಗ್ಯಾಸಿನ ಪುಸ್ತಕದಲ್ಲಿ, ಹೆರಿಗೆ ಆಸ್ಪತ್ರೆಯ ಕಾಗದದಲ್ಲಿ. ಇತರರ ಕಾಗುಣಿತವನ್ನು ತಿದ್ದುವವನು ಅದನ್ನು ಮಾತ್ರ ತಿದ್ದಿಸಿರಲಿಲ್ಲ.

ಶ್ರೀವಿದ್ಯಾ ಮೈಸೂರಿನವಳು. ಎಂ.ಎ.ಯಲ್ಲಿ ಅವನ ಸಹಪಾಠಿ. ಮದುವೆಗೆ ಮುಂಚೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಇಲ್ಲಿ ಬಂದು ಒಂದೂವರೆ ವರ್ಷವಾದರೂ ಮಲಯಾಳ ಹತ್ತಿರಲಿಲ್ಲ. ತಾಯಿ ಇಲ್ಲದ ತವರಿಗೆ ಬಾಣಂತನಕ್ಕೆ ಹೋಗುವುದಿಲ್ಲವೆಂದು ಅವಳೇ ಹೇಳಿದ್ದಳು. ಅವನ ತಾಯಿ ಹದಿನಾರು ದಿನ ಇದ್ದು, ಮಂಡಿನೋವಿಗೆ ಈ ಮೆಟ್ಟಿಲು ಆಗುವುದಿಲ್ಲವೆಂದು ಊರಿಗೆ ಮರಳಿದ್ದಳು. ಉಳಿದದ್ದು ರತ್ನಮ್ಮ.

ರತ್ನಮ್ಮ ಏಳೂವರೆಗೆ ಬಂದಳು. ಬಾಣಂತಿಯರಿಗೆ ಎಣ್ಣೆ ಹಚ್ಚಿ, ಸೊಪ್ಪು ಕುದಿಸಿದ ನೀರು ಹಾಕುವುದು ಅವಳ ಕಸುಬು. ಅರುವತ್ತು ದಾಟಿದ್ದರೂ ಮೂರು ಮಹಡಿಯನ್ನು ಮಾತಾಡುತ್ತಲೇ ಹತ್ತುತ್ತಿದ್ದಳು. ಅವಳಿಗೆ ಮಲಯಾಳ ಬಿಟ್ಟು ಬೇರೆ ಭಾಷೆ ಬಾರದು. ಬೇರೆ ಭಾಷೆ ಇದೆ ಎಂಬುದನ್ನೂ ಅವಳು ಅಷ್ಟಾಗಿ ಒಪ್ಪಿರಲಿಲ್ಲ. ಅವಳಿಗೆ ಅವನು ಮೋನೇ, ಮಗನೇ; ಶ್ರೀವಿದ್ಯಾ ಮೋಳೇ, ಮಗಳೇ.

“ಏನು ಮೋನೇ, ಚಹಾ ನೀನೇ ಮಾಡಿದ್ದಾ? ಬಣ್ಣ ನೋಡಿದರೇ ತಿಳಿಯುತ್ತದೆ.”

ಒಳಗೆ ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ರತ್ನಮ್ಮನ ಮಾತು ಕೇಳಿಸಿತು. ಶ್ರೀವಿದ್ಯಾಳದ್ದು ಕೇಳಿಸಲಿಲ್ಲ. ಅರ್ಧ ಗಂಟೆಯ ನಂತರ ರತ್ನಮ್ಮ ಸೆರಗಿಗೆ ಕೈ ಒರೆಸುತ್ತ ಅಡಿಗೆಮನೆಗೆ ಬಂದಳು. ಬಾಗಿಲನ್ನು ಕಾಲಿನಿಂದ ಸ್ವಲ್ಪ ಮುಂದೆ ಮಾಡಿದಳು.

“ಒಂದು ಮಾತು ಕೇಳಲಾ? ನಿಮ್ಮ ಕಡೆಯ ಹೆಂಗಸರು ಅಳುವುದಿಲ್ಲವಾ?”

“ಯಾಕೆ?”

“ಮೂವತ್ತೊಂದು ವರ್ಷದಿಂದ ಈ ಕೈಯಲ್ಲಿ ನೀರು ಹಾಕಿದ್ದೇನೆ. ಬಿಸಿನೀರು ಬೆನ್ನಿಗೆ ಬಿದ್ದ ಕೂಡಲೇ ಎಲ್ಲರೂ ಒಂದು ಸಲವಾದರೂ ಅಳುತ್ತಾರೆ. ಅತ್ತೆಯನ್ನು ಬಯ್ಯುತ್ತ ಅಳುತ್ತಾರೆ, ಗಂಡನನ್ನು ಬಯ್ಯುತ್ತ ಅಳುತ್ತಾರೆ. ಒಬ್ಬಳು ನನ್ನನ್ನೇ ಬಯ್ದಳು. ಇವಳು? ಗೋಡೆಗೆ ನೀರು ಹಾಕಿದ ಹಾಗೆ. ಮೋಳೇ, ಬಿಸಿ ಜಾಸ್ತಿಯಾ ಎಂದರೆ ತಲೆ ಆಡಿಸುತ್ತಾಳೆ. ಜಾಸ್ತಿ ಎಂದೋ, ಸಾಲದು ಎಂದೋ, ದೇವರಿಗೇ ಗೊತ್ತು.”

“ಸುಸ್ತು, ಅಷ್ಟೇ.”

“ಸುಸ್ತಾದವಳು ನಿದ್ದೆ ಮಾಡುತ್ತಾಳೆ. ಇವಳು ಮಗು ಮಲಗಿದಾಗಲೂ ಅದನ್ನೇ ನೋಡುತ್ತ ಕೂತಿರುತ್ತಾಳೆ. ಅಕ್ಕರೆಯಿಂದ ನೋಡುವುದಲ್ಲ ಮೋನೇ. ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ.”

ಅವನು ಲೋಟ ತೊಳೆದ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದ.

“ಇವತ್ತು ಬುಧವಾರ. ಮಗುವಿಗೆ ಸೂಜಿ ಹಾಕಿಸಲು ಹೋಗುತ್ತೀಯಲ್ಲ? ಅಲ್ಲಿ ಸಿಸ್ಟರಿಗೆ ಹೇಳು.”

“ಏನಂತ?”

“ಅದು ನನಗೆ ಗೊತ್ತಾ? ನೀನಲ್ಲವಾ ಓದಿದವನು.” ರತ್ನಮ್ಮ ಚೀಲ ಹೆಗಲಿಗೆ ಹಾಕಿಕೊಂಡಳು. “ನಾಳೆಯಿಂದ ನಾನಿಲ್ಲ. ಕರಮನದಲ್ಲಿ ಇನ್ನೊಂದು ಹೆರಿಗೆಯಾಗಿದೆ. ನಿನ್ನ ರಜೆ?”

“ಇವತ್ತಿಗೆ ಮುಗೀತದೆ.”

ರತ್ನಮ್ಮ ಅವನ ಮುಖ ನೋಡಿದಳು. ಆಮೇಲೆ ಬಾಗಿಲ ಬಳಿ ಚಪ್ಪಲಿ ಹುಡುಕಿದಳು.

ನಾಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವಳು ಮತ್ತು ಮಗು. ಒಂಬತ್ತು ಗಂಟೆ ಹೊತ್ತು. ಕಚೇರಿಯಲ್ಲಿ ಒಂಬತ್ತು ಗಂಟೆ ಹೊತ್ತಿನಲ್ಲಿ ಹೆಚ್ಚೆಂದರೆ ಆರು ಪುಟ ಆಗುತ್ತದೆ.

ಹತ್ತು ಗಂಟೆಗೆ ಫೋನು ಬಂತು. ವಿಶ್ವೇಶ್ವರ, ಅವನಿಗಿಂತ ಹದಿನೈದು ವರ್ಷ ಹಿರಿಯ ಅನುವಾದಕ, ಕುಂಬಳೆ ಕಡೆಯವರು.

“ಎಂತ ಮಾರಾಯ, ಹದಿನಾಲ್ಕನೇ ಪುಟ ಕಳಿಸ್ತೀಯೋ ಇಲ್ವೋ? ಕೊಚ್ಚಿಯಲ್ಲಿ ಪ್ರೆಸ್ಸಿನ ಅಶ್ರಫ್ ದಿನಕ್ಕೆ ಎರಡು ಸಲ ನನ್ನ ತಲೆ ತಿಂತಾನೆ. ತಮಿಳಿನದ್ದು ಮುಗಿದು ಬೈಂಡ್ ಸಹ ಆಯ್ತಂತೆ.”

“ಒಂದು ಶಬ್ದ ಕೂತಿಲ್ಲ.”

“ಯಾವುದು, ಅದೇ ವಿಷಾದವಾ? ಮೂರು ವಾರ ಆಯ್ತಲ್ಲ ಅದು ಶುರುವಾಗಿ!”

“ಹೌದು. ಮೂರು ವಾರ ಆಯ್ತು.”

ಅದು ಬಾಣಂತಿಯರ ಆರೈಕೆಯ ಕೈಪಿಡಿ. ಪಥ್ಯ, ಹೊಲಿಗೆ, ಎದೆಹಾಲು, ಕಬ್ಬಿಣದ ಮಾತ್ರೆ, ಎಲ್ಲವೂ ಸಲೀಸಾಗಿ ಬಂದಿತ್ತು. ಹದಿನಾಲ್ಕನೇ ಪುಟದಲ್ಲಿ ನಿಂತಿತು. ಮಲಯಾಳದಲ್ಲಿ ‘ವಿಷಾದಂ’ ಎಂದರೆ ಮನಸ್ಸಿನ ಕಾಯಿಲೆ. ಕನ್ನಡದಲ್ಲಿ ವಿಷಾದವೆಂದರೆ ಮಾಡಿದ್ದಕ್ಕೆ ಮರುಗುವುದು, ವಿದ್ಯುತ್ ಕಡಿತಕ್ಕೆ ಇಲಾಖೆ ವ್ಯಕ್ತಪಡಿಸುವುದು. ಹಾಗೇ ಬಿಟ್ಟರೆ ವಾಕ್ಯ ಹೀಗಾಗುತ್ತಿತ್ತು: ಹೆರಿಗೆಯ ಬಗ್ಗೆ ವಿಷಾದವಿದ್ದಲ್ಲಿ ತಕ್ಷಣ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ.

“ಖಿನ್ನತೆ ಅಂತ ಹಾಕಿ ಬಿಸಾಡು ಅತ್ಲಾಗಿ.”

“ಖಿನ್ನತೆ ನಮ್ಮ ಕಡೆಯವರಿಗೆ ಅರ್ಥ ಆಗ್ತದಾ ಅಂತ ನೀವೇ ಕೇಳಿದ್ರಿ.”

“ಹಾಗಾದ್ರೆ ವಿಷಾದವೇ ಇರ್ಲಿ. ಯಾರು ಓದ್ತಾರೆ ಮಾರಾಯ ಅದನ್ನು? ಅಂಗನವಾಡಿಯಲ್ಲಿ ಗೋಣಿಯಲ್ಲಿ ಬೀಳ್ತದೆ. ಬಾಣಂತಿ ಹೇಗಿದ್ದಾಳೆ?”

“ಇದ್ದಾಳೆ.”

“ಸಾಕು. ಸಂಜೆಯೊಳಗೆ ಕಳಿಸು.”

‘ಖಿನ್ನತೆ’ ಸರಿಯಾದ ಶಬ್ದವೆಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಮೂರು ವಾರದ ಹಿಂದೆ ಕರಡಿನ ಅಂಚಿನಲ್ಲಿ ಅದನ್ನು ಬರೆದು, ತಲೆ ಎತ್ತಿದ್ದ. ಎದುರಿಗೆ ಶ್ರೀವಿದ್ಯಾ ಕೂತಿದ್ದಳು. ಮಗು ಮಡಿಲಲ್ಲಿ ಅಳುತ್ತಿತ್ತು, ಅವಳು ಕಿಟಕಿಯ ಸರಳು ಎಣಿಸುವವಳಂತೆ ನೋಡುತ್ತಿದ್ದಳು. ಅವನು ಬರೆದದ್ದನ್ನು ರಬ್ಬರಿನಿಂದ ಅಳಿಸಿದ್ದ. ಶಬ್ದ ಎದುರಿಗೆ ಬಂದು ಕೂತರೆ ಅನುವಾದ ಮಾಡುವುದು ಕಷ್ಟ.

ಕರಡನ್ನು ಚೀಲಕ್ಕೆ ಹಾಕಿದ. ಸರದಿಯಲ್ಲಿ ಕಾಯುವಾಗ ನೋಡಬಹುದು.

ಆರೋಗ್ಯ ಕೇಂದ್ರದ ವರಾಂಡದಲ್ಲಿ ಇಪ್ಪತ್ತು ತಾಯಂದಿರು, ಇಪ್ಪತ್ತು ಮಕ್ಕಳು, ಅದರ ಎರಡರಷ್ಟು ಅಜ್ಜಿಯರು. ಗಂಡಸರು ಆಚೆ ಬೈಕುಗಳ ಹತ್ತಿರ ನಿಂತಿದ್ದರು. ಒಳಗೆ ಕೂತ ಗಂಡಸು ಇವನೊಬ್ಬನೇ. ಅದಕ್ಕೆ ಕಾರಣ ಪ್ರೀತಿಯಲ್ಲ, ಭಾಷೆ. ಪಕ್ಕದ ಅಜ್ಜಿಯೊಬ್ಬಳು ಶ್ರೀವಿದ್ಯಾಳ ಮಡಿಲಿನ ಕಡೆ ಬಗ್ಗಿ, “ಮೂಗು ಅಪ್ಪನದೇ” ಎಂದಳು. ಅವನು ಅದನ್ನು ಕನ್ನಡಕ್ಕೆ ತಿರುಗಿಸಿದ. ಶ್ರೀವಿದ್ಯಾ ಮಗುವಿನ ಮೂಗು ನೋಡಿದಳು, ಆಮೇಲೆ ಅವನ ಮೂಗು ನೋಡಿದಳು. ಹೋಲಿಸಿ ನೋಡಿ ಮುಗಿಸಿದವಳಂತೆ ಎದುರಿನ ಗೋಡೆಗೆ ತಿರುಗಿದಳು.

“ಹೇಳಬೇಕು” ಎಂದುಕೊಂಡ. ‘ಸಿಸ್ಟರ್, ನನ್ನ ಹೆಂಡತಿ’ ಎಂದು ಶುರು ಮಾಡಬೇಕು. ಮಲಯಾಳದಲ್ಲಿ ಹೇಳುವುದರಿಂದ ಅವಳಿಗೆ ಕೇಳಿಸಿದರೂ ತಿಳಿಯುವುದಿಲ್ಲ. ಅದು ಅನುಕೂಲ. ಅದೇ ಅಸಹ್ಯವೂ ಹೌದು. ಆಮೇಲೆ ಸಿಸ್ಟರ್ ಕೇಳುತ್ತಾರೆ, ಎಷ್ಟು ದಿನದಿಂದ? ಮೂರು ವಾರ ಎನ್ನಬೇಕಾಗುತ್ತದೆ. ಮೂರು ವಾರ ನೀವೇನು ಮಾಡುತ್ತಿದ್ದಿರಿ? ಶಬ್ದ ಹುಡುಕುತ್ತಿದ್ದೆ.

ಹೆಸರು ಕರೆದರು.

ರಮ್ಯಶ್ರೀ ಸಿಸ್ಟರ್ ಗುಂಡು ಮುಖದ, ಚುರುಕು ಕೈಯ ಹೆಂಗಸು. ಸೂಜಿ ಚುಚ್ಚುವಾಗ ಮಗು ಉಸಿರು ಕಟ್ಟಿ ಕೂಗಿತು. ಸಿಸ್ಟರ್ ತೋರಿಸಿದಂತೆ ಶ್ರೀವಿದ್ಯಾ ಅದರ ಕಾಲನ್ನು ಅಲುಗದ ಹಾಗೆ ಹಿಡಿದಿದ್ದಳು. ಕಣ್ಣು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ.

“ಒಳ್ಳೇ ಅಮ್ಮ! ಉಳಿದವರು ಮಗುವಿಗಿಂತ ಮೊದಲೇ ಅಳುತ್ತಾರೆ. ಈಕೆಗೆ ಧೈರ್ಯ ಉಂಟು” ಎಂದರು ಸಿಸ್ಟರ್. ಕುರ್ಚಿಗೆ ಮರಳಿ, ರಿಜಿಸ್ಟರಿನಲ್ಲಿ ಬರೆಯುತ್ತ, ತಲೆ ಎತ್ತದೆಯೇ ಕೇಳಿದರು.

“ಶ್ರೀವಿದ್ಯಾ, ಸುಖಮಲ್ಲೇ?”

ಇದು ಇಲ್ಲಿ ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಾಂಪೌಂಡಿನ ಆಚೆಯಿಂದ ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ಆರಾಮವಾ ಎಂದಷ್ಟೇ ಅರ್ಥ. ‘ಹೌದು’ ಎಂದರೆ ಮುಗಿಯಿತು. ‘ಸುಖಮಿಲ್ಲ’ ಎಂದರೆ ಜ್ವರವೋ ನೆಗಡಿಯೋ ಇದೆ ಎಂದು ತಿಳಿಯುತ್ತಾರೆ. ಮನೆಯ ಕನ್ನಡದಲ್ಲಿ ಒಂದಾಗಿದ್ದ ಸುಖ ಬೀದಿಯ ಮಲಯಾಳದಲ್ಲಿ ಇನ್ನೊಂದಾಗುವುದನ್ನು ಅವನು ಮಾತು ಕಲಿತಾಗಿನಿಂದ ಬಲ್ಲ.

ಶ್ರೀವಿದ್ಯಾಳಿಗೆ ಕೇಳಿಸಿದ್ದು ಕನ್ನಡ.

ಅವನು ಅದನ್ನು ಕಣ್ಣಾರೆ ಕಂಡ. ಅವಳ ಬೆನ್ನು ನೆಟ್ಟಗಾಯಿತು. ನಲವತ್ತೆರಡು ದಿನದಿಂದ ಜನ ಅವಳನ್ನು ಹಾಲಿನ ಬಗ್ಗೆ ಕೇಳಿದ್ದರು, ಹೊಲಿಗೆಯ ಬಗ್ಗೆ, ಮಲಮೂತ್ರದ ಬಗ್ಗೆ ಕೇಳಿದ್ದರು. ಸುಖದ ಬಗ್ಗೆ ಯಾರೂ ಕೇಳಿರಲಿಲ್ಲ. ಈಗ ಗುರುತಿಲ್ಲದ ಹೆಂಗಸೊಬ್ಬಳು, ಮೇಜಿನ ಆಚೆ ಕೂತು, ನೇರವಾಗಿ ಅದನ್ನೇ ಕೇಳಿದ್ದಳು.

“ಇಲ್ಲ” ಎಂದಳು ಶ್ರೀವಿದ್ಯಾ. ದನಿ ಸಣ್ಣದಾಗಿದ್ದರೂ ಸ್ಪಷ್ಟವಾಗಿತ್ತು. “ನನಗೆ ಸುಖ ಇಲ್ಲ.”

ಸಿಸ್ಟರ್ ಪೆನ್ನು ಕೆಳಗಿಟ್ಟರು.

“ಸುಖಮಿಲ್ಲೇ? ಅಯ್ಯೋ, ಬಂದ ಕೂಡಲೇ ಹೇಳಬಾರದಾ!” ಎದ್ದು ಬಂದು ಅವಳ ಹಣೆಯ ಮೇಲೆ ಕೈ ಇಟ್ಟರು. ಕುತ್ತಿಗೆ ಮುಟ್ಟಿ ನೋಡಿದರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು, ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದರು. ಎಷ್ಟೋ ದಿನದಿಂದ ಯಾರೂ ಅವಳನ್ನು ಅಷ್ಟು ಕಾಳಜಿಯಿಂದ ಮುಟ್ಟಿರಲಿಲ್ಲ. ಶ್ರೀವಿದ್ಯಾ ಗೊಂದಲದಿಂದ, ಆದರೆ ಮಗುವಿನಷ್ಟೇ ವಿಧೇಯಳಾಗಿ, ಕೈ ಎತ್ತು ಎಂದರೆ ಎತ್ತಿದಳು, ಇಳಿಸು ಎಂದರೆ ಇಳಿಸಿದಳು.

“ಎದೆಯಲ್ಲಿ ನೋವುಂಟಾ ಕೇಳಿ ಸಾರ್. ಹಾಲು ಕಟ್ಟಿಕೊಂಡರೂ ಹೀಗಾಗುತ್ತದೆ.”

“ಎದೆಯಲ್ಲಿ ನೋವಿದೆಯಾ ಅಂತ ಕೇಳ್ತಿದ್ದಾರೆ” ಎಂದ ಅವನು.

ಅವಳು ಅವನನ್ನು ನೋಡಿದಳು.

“ಇದೆ” ಎಂದಳು.

ಪರದೆಯ ಹಿಂದೆ ಕರೆದುಕೊಂಡು ಹೋಗಿ ನೋಡಿದ ಸಿಸ್ಟರ್ ಕೈ ತೊಳೆಯುತ್ತ ಹೊರಗೆ ಬಂದರು. “ಏನೂ ಇಲ್ಲವಲ್ಲ! ಗಟ್ಟಿಯಾಗಿಲ್ಲ, ಕೆಂಪಾಗಿಲ್ಲ. ಜ್ವರವೂ ಇಲ್ಲ.” ದನಿ ತಗ್ಗಿಸಿದರು. “ಆದರೂ ಸುಖಮಿಲ್ಲ ಅನ್ನುತ್ತಾಳೆ. ಬೇರೆ ಏನಾದರೂ ಉಂಟಾ ಸಾರ್?”

ಪರದೆಯಾಚೆ ಅವಳು ರವಿಕೆಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಒಂದು ವಾಕ್ಯ ಸಾಕಿತ್ತು. ಅದು ಪಾಠಪುಸ್ತಕದ ವಾಕ್ಯದಷ್ಟು ಸರಳವಾಗಿ ಅವನ ನಾಲಿಗೆಯ ಮೇಲೆ ಸಿದ್ಧವಾಗಿತ್ತು: ಕನ್ನಡದಲ್ಲಿ ಸುಖ ಎಂದರೆ ಬೇರೆ.

“ನಿದ್ದೆ ಕಡಿಮೆ” ಎಂದ. “ಅಷ್ಟೇ.”

ನಿದ್ದೆ ಕಡಿಮೆ ಎಂಬುದು ಸುಳ್ಳಲ್ಲ. ‘ಅಷ್ಟೇ’ ಎಂಬುದನ್ನು ಅವನು ಸೇರಿಸಿದ್ದ. ಮೂಲದಲ್ಲಿಲ್ಲದ್ದನ್ನು ಸೇರಿಸಬಾರದೆಂದು ಕಿರಿಯರಿಗೆ ಹೇಳಿಕೊಡುವವನು.

ಸಿಸ್ಟರ್ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಮೇಜಿನ ಡ್ರಾಯರ್ ಎಳೆದು ಒಂದು ಹಾಳೆ ತೆಗೆದರು. “ಆರನೇ ವಾರಕ್ಕೆ ಎಲ್ಲರಿಗೂ ಕೇಳುವ ಪ್ರಶ್ನೆಗಳಿವು. ಮನಸ್ಸಿಗೆ ಸಂಬಂಧಪಟ್ಟದ್ದು. ಮಲಯಾಳಂ ಉಂಟು, ತಮಿಳು ಉಂಟು, ಬಂಗಾಳಿ ಸಹ ಉಂಟು. ನೋಡಿ, ಕನ್ನಡ ಮಾತ್ರ ಇನ್ನೂ ಬಂದಿಲ್ಲ.”

“ಬರ್ತಾ ಉಂಟು.”

“ನಿಮಗೆ ಹೇಗೆ ಗೊತ್ತು?”

“ಅದನ್ನು ಮಾಡುವವನು ನಾನೇ.”

ಸಿಸ್ಟರ್ ಬೆರಗಿನಿಂದ ನಕ್ಕರು. “ಆಹಾ! ಹಾಗಾದರೆ ಡಾಕ್ಟರು ಮನೆಯಲ್ಲೇ ಇದ್ದ ಹಾಗೆ. ಇಲ್ಲಿ ಗಲಾಟೆ, ಬೇಡ. ಮನೆಯಲ್ಲಿ ಕೂತು ನೀವೇ ಒಂದೊಂದಾಗಿ ಕೇಳಿ, ಗುರುತು ಹಾಕಿ, ಫೋಟೋ ತೆಗೆದು ನನಗೆ ಕಳಿಸಿ. ಅಂಕಗಳ ಮೊತ್ತ ಜಾಸ್ತಿ ಬಂದರೆ ನೀವು ಕರೆಯುವುದು ಬೇಡ, ನಾನೇ ಬರುತ್ತೇನೆ. ಕೊನೆಯ ಪ್ರಶ್ನೆಗೆ ಹೌದು ಎಂದರೆ ಮೊತ್ತ ನೋಡುತ್ತ ಕೂರಬೇಡಿ, ಆಗಲೇ ಫೋನ್ ಮಾಡಿ. ನಾನು ಊರಿಗೆ ಆಲುವಕ್ಕೆ ಹೋಗಿದ್ದರೂ ಎತ್ತುತ್ತೇನೆ.”

ಸೂಜಿಯಿಂದ ಜ್ವರ ಬರಬಹುದೆಂದು ಮಗುವಿಗೆ ಹನಿ ಔಷಧಿ ಕೊಟ್ಟರು. ಶ್ರೀವಿದ್ಯಾಳಿಗೆ ನಾಲ್ಕು ಮಾತ್ರೆ ಕೊಟ್ಟರು. “ಜ್ವರ ಇಲ್ಲ, ಆದರೂ ಇರಲಿ” ಎಂದರು.

ಆಟೋ ಚಾಲೈ ಮಾರುಕಟ್ಟೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಬಾಳೆಗೊನೆ ಇಳಿಸುತ್ತಿದ್ದ ಲಾರಿ, ಹಿಂದೆ ಹಾರನ್ನು. ಚಾಲಕ ಯಾರ ಅಪ್ಪನನ್ನೋ ಬಯ್ದ. ಶ್ರೀವಿದ್ಯಾ ತನ್ನ ಕೈಯಲ್ಲಿದ್ದ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿದಳು.

“ಆ ಸಿಸ್ಟರ್ ನನ್ನ ಹಣೆ ಮುಟ್ಟಿದ್ದು ಯಾಕೆ?”

“ಜ್ವರ ಇದೆಯಾ ಅಂತ.”

“ನಾನು ಜ್ವರ ಅಂದ್ನಾ?”

“ಇಲ್ಲ.”

“ಮತ್ತೆ?”

“ಇಲ್ಲಿ ಆ ಶಬ್ದಕ್ಕೆ ಅರ್ಥ ಹಾಗೆ.”

ಲಾರಿಯ ಮೇಲಿದ್ದವನು ಗೊನೆಯನ್ನು ಕೆಳಗಿನವನ ಹೆಗಲಿಗೆ ಜಾರಿಸಿದ. ಕೆಳಗಿನವನು ಅದನ್ನು ನೋಡದೆಯೇ ಹೊತ್ತು ನಡೆದ.

“ಯಾರೋ ಕೇಳಿದರು ಅಂತ ಖುಷಿಯಾಗಿತ್ತು” ಎಂದಳು. ಆಮೇಲೆ, “ನಿನಗೆ ಅರ್ಥ ಆಗಿತ್ತಲ್ಲ?”

“ಮಾತ್ರೆಯಿಂದ ಹಾಲಿಗೆ ಏನೂ ತೊಂದರೆ ಇಲ್ಲವಂತೆ” ಎಂದ ಅವನು.

ಅವಳು ಹೌದೆನ್ನುವಂತೆ ತಲೆ ಆಡಿಸಿದಳು.

ಸಂಜೆ ಐದಕ್ಕೆ ವಿಶ್ವೇಶ್ವರರ ಸಂದೇಶ ಬಂತು: ಅಶ್ರಫ್ ಆರಕ್ಕೆ ಹೊರಡುತ್ತಾನಂತೆ. ರಾಧಾಕೃಷ್ಣ ಹದಿನಾಲ್ಕನೇ ಪುಟವನ್ನೂ ಅದರ ಹಿಂದಿನ ಪುಟದಲ್ಲಿದ್ದ, ಸಿಸ್ಟರ್ ತೋರಿಸಿದ ಅದೇ ಪ್ರಶ್ನೆಗಳ ಕನ್ನಡ ಕರಡನ್ನೂ ಚೀಲದಿಂದ ತೆಗೆದು ಊಟದ ಮೇಜಿನ ಮೇಲೆ ಹರಡಿದ. ಕೆಂಪು ಪೆನ್ನು ತೆಗೆದ. ಮಗು ಔಷಧಿಯ ಮಂಪರಿನಲ್ಲಿತ್ತು. ಪಶ್ಚಿಮದ ಕಿಟಕಿಯಿಂದ ಬಿಸಿಲು ಮೇಜಿನ ಅರ್ಧಕ್ಕೆ ಬಿದ್ದಿತ್ತು.

“ಇಲ್ಲಿ ಬಾ. ಸಿಸ್ಟರ್ ಕೆಲವು ಪ್ರಶ್ನೆ ಕೇಳು ಅಂದಿದ್ದಾರೆ.”

“ನೀನು ಕೇಳ್ತೀಯಾ?”

“ಹೂಂ.”

ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ಮಾಡಿದವಳು ಈಗ ಕೈ ಕಟ್ಟಿ ಕೂತಿದ್ದಳು. ಅವನು ಗಂಟಲು ಸರಿಮಾಡಿಕೊಂಡು ಓದಿದ.

“ಕಳೆದ ಏಳು ದಿನಗಳಲ್ಲಿ ತಮಾಷೆಯ ಸಂಗತಿಗಳಿಂದ ತಮಗೆ ನಗೆಯುಂಟಾಗಿರುತ್ತದೆಯೇ?”

“ಏನುಂಟಾಗಿರುತ್ತದೆ?”

“ನಗೆ.”

“ನಗೆಯುಂಟಾಗಿರುತ್ತದೆಯೇ!” ಅವಳ ಬಾಯಿಯ ಒಂದು ಮೂಲೆ ಅಲುಗಿತು. ಆಮೇಲೆ ಅವಳು ನಕ್ಕಳು. ಮೈಸೂರಿನ ತರಗತಿಯಲ್ಲಿ ಅವನು ‘ಉಂಟು’ ಎಂದಾಗಲೆಲ್ಲ ನಗುತ್ತಿದ್ದ ಅದೇ ನಗು. “ಯಾರಪ್ಪಾ ಹೀಗೆ ಮಾತಾಡ್ತಾರೆ? ನಿಮ್ಮ ಕಾಸರಗೋಡಲ್ಲಿ ಬಾಣಂತೀರು ಹೀಗೇ ನಗ್ತಾರಾ? ಅಮ್ಮಾ, ನನಗೆ ನಗೆಯುಂಟಾಗಿರುತ್ತದೆ, ಬಿಸಿನೀರು ತಾರಮ್ಮಾ ಅಂತ?”

“ಅದು ಸರಕಾರದ ಭಾಷೆ ಮಾರಾಯ್ತಿ.”

ಅವನೂ ನಕ್ಕ. ಆರು ವಾರದಲ್ಲಿ ಮೊದಲ ಸಲ ಈ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕಿದ್ದರು. ಅವಳ ನಗು ಅವನ ನಗು ಮುಗಿದ ಮೇಲೂ ಸ್ವಲ್ಪ ಮುಂದುವರಿಯಿತು, ಇಳಿಜಾರಿನಲ್ಲಿ ತಾನೇ ಉರುಳುವ ಬಂಡಿಯ ಹಾಗೆ, ಆಮೇಲೆ ಎಲ್ಲೋ ತಾಗಿ ನಿಂತಿತು. ಅವನು ‘ಎಂದಿನಂತೆ’ ಎಂಬುದರ ಎದುರು ಗುರುತು ಹಾಕಿದ.

“ಇದನ್ನ ಲೆಕ್ಕಕ್ಕೆ ತಗೊಂಡ್ಯಾ?”

“ಈಗ ನಕ್ಕೆಯಲ್ಲ.”

“ನಕ್ಕೆ” ಎಂದಳು. ಒಪ್ಪಿಕೊಂಡ ಹಾಗಿರಲಿಲ್ಲ.

ಅವನು ಮುಂದಿನದನ್ನು ಓದಿದ. ಈಗ ಸಾಧಾರಣ ಕನ್ನಡದಲ್ಲಿ, ಓದುತ್ತಲೇ ಸರಳ ಮಾಡುತ್ತ. ಸುಮ್ಮಸುಮ್ಮನೆ ಭಯ ಆಗುತ್ತಾ? ಹೌದು. ಎಲ್ಲ ಕೈಮೀರಿ ಹೋಗುತ್ತಿದೆ ಅನ್ನಿಸುತ್ತಾ? ಹೌದು. ನಿದ್ದೆ ಮಾಡಬೇಕೆಂದು ಮಲಗಿದರೂ ನಿದ್ದೆ ಬರುವುದಿಲ್ಲವಾ? ಹೌದು. ಅವಳು ವಿವರಿಸಲಿಲ್ಲ. ಪ್ರತಿ ‘ಹೌದು’ಗೂ ಅವನು ‘ಕೆಲವೊಮ್ಮೆ’ಯ ಎದುರು ಗುರುತು ಹಾಕಿದ. ಹಾಳೆಯಲ್ಲಿ ಬರೀ ‘ಹೌದು’ ಎಂಬ ಕಲಮು ಇರಲಿಲ್ಲ. ಕೆಲವೊಮ್ಮೆ, ಆಗಾಗ, ಯಾವಾಗಲೂ. ಮೂರರಲ್ಲಿ ಒಂದನ್ನು ಆರಿಸುವುದು ಅನುವಾದಕನಿಗೆ ಬಿಟ್ಟದ್ದು.

“ತಮಗೆ ವಿಷಾದ ಉಂಟಾಗಿದೆಯೇ?”

“ವಿಷಾದ ಅಂದರೆ? ಯಾಕೆ ಹೆತ್ತೆ ಅಂತಲಾ?”

ಅವನು ತಲೆ ಎತ್ತಿದ. ಮೂರು ವಾರದಿಂದ ಹೆದರಿದ್ದ ತಪ್ಪನ್ನು ಅವಳು ಒಂದಕ್ಷರ ಆಚೀಚೆಯಾಗದೆ ಮಾಡಿದ್ದಳು. “ಅಲ್ಲ. ಹಾಗಲ್ಲ. ಖಿನ್ನತೆ ಅಂತ.”

ಆ ಶಬ್ದವನ್ನು ಅವನು ಅವಳೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು.

“ಎರಡೂ ಇದೆ” ಎಂದಳು ಶ್ರೀವಿದ್ಯಾ.

ಎರಡೂ. ಅಂದರೆ ಅವು ಬೇರೆ ಬೇರೆ ಎಂದು ಓದುವವರಿಗೆ ತಿಳಿಯುತ್ತದೆ. ಅಂದರೆ ‘ವಿಷಾದ’ ಇಲ್ಲಿ ಸಲ್ಲದು. ಅವನೊಳಗೆ ಏನೋ ಸಡಿಲಾಯಿತು. ‘ವಿಷಾದ’ವನ್ನು ಒಂದೇ ಗೆರೆಯಲ್ಲಿ ಹೊಡೆದು ಮೇಲೆ ‘ಖಿನ್ನತೆ’ ಎಂದು ಬರೆದ. ಹದಿನಾಲ್ಕನೇ ಪುಟದಲ್ಲೂ ಐದು ಕಡೆ ಹುಡುಕಿ ಹುಡುಕಿ ತಿದ್ದಿದ. ಕೈ ಬರಹ ದುಂಡಗೆ ಬಂತು. ಎಷ್ಟು ತೃಪ್ತಿಯಾಯಿತೆಂದರೆ ಆ ಪ್ರಶ್ನೆಗೆ ಗುರುತು ಹಾಕುವುದನ್ನೇ ಮರೆತ.

ಅವಳು ಕಾಯುತ್ತಿದ್ದಳು.

“ನಾಳೆಯಿಂದ ಆಫೀಸಿಗೆ ಹೋಗ್ತೀಯಲ್ಲ?”

“ಹೂಂ.”

“ರತ್ನಮ್ಮನೂ ಬರಲ್ಲ.”

“ಹೂಂ.”

“ನಾನೊಬ್ಬಳೇ ಇರ್ತೀನಿ ಅದರ ಜೊತೆ.”

ಅವನು ಹಾಳೆಯನ್ನು ನೋಡುತ್ತಿದ್ದ. ಒಂದು ಪ್ರಶ್ನೆ ಉಳಿದಿತ್ತು. ತಮಗಾಗಲಿ ಮಗುವಿಗಾಗಲಿ ಹಾನಿ ಮಾಡಿಕೊಳ್ಳುವ ಅಲೋಚನೆ ತಮಗೆ ಬಂದಿದೆಯೇ? ‘ಅಲೋಚನೆ’. ‘ಆ’ ಇರಬೇಕಾದಲ್ಲಿ ‘ಅ’ ಬಿದ್ದಿತ್ತು. ಮೂರು ಸಲ ಕರಡು ನೋಡಿದವರು ಯಾರೂ ಅದನ್ನು ಕಂಡಿರಲಿಲ್ಲ. ವಿಶ್ವೇಶ್ವರರೂ ಕಂಡಿರಲಿಲ್ಲ. ಅವನು ಅಕ್ಷರಕ್ಕೆ ಸುತ್ತು ಹಾಕಿ, ಅಂಚಿಗೆ ಗೆರೆ ಎಳೆದು, ಅಲ್ಲಿ ದೊಡ್ಡದಾಗಿ ‘ಆ’ ಎಂದು ಬರೆದ. ಕೆಂಪು ಶಾಯಿ ಒಣಗಲೆಂದು ಊದಿದ.

“ಮುಗೀತಾ?” ಎಂದಳು ಶ್ರೀವಿದ್ಯಾ.

“ಮುಗೀತು.”

ಅವಳು ಇನ್ನೂ ಒಂದು ನಿಮಿಷ ಹಾಗೆಯೇ ಕೂತಿದ್ದಳು. ಆಮೇಲೆ ಎದ್ದು ಒಳಗೆ ಹೋದಳು. ಅವನು ಫೋನನ್ನು ಹಾಳೆಯ ಮೇಲೆ ನೇರವಾಗಿ ಹಿಡಿದು, ತನ್ನ ನೆರಳು ಬೀಳದ ಹಾಗೆ ಸರಿದು, ಎರಡು ಫೋಟೋ ತೆಗೆದ. ಪ್ರಶ್ನೆಗಳದ್ದನ್ನು ಸಿಸ್ಟರಿಗೂ ಎರಡನ್ನೂ ಅಶ್ರಫನಿಗೂ ಕಳಿಸಿದ.

ಕೊನೆಯ ಪ್ರಶ್ನೆಯನ್ನು ಅವನು ಅವಳಿಗೆ ಓದಿ ಹೇಳಲಿಲ್ಲ.